ಎದುರಿಗೆ ಮೂರು, ಪಕ್ಕಕ್ಕೆರಡು

ನನ್ನ ತಮ್ಮನ ಹೆಂಡತಿ ಇತ್ಸುಕೊಳಷ್ಟು ಪುಕ್ಕಲು ಹೆಂಗಸನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಸ್ನಾನದ ತೊಟ್ಟಿಗೆ ನೀರು ಬೀಳುವ ಸದ್ದು ಸ್ವಲ್ಪ ಜೋರಾದರೂ ಊಟದ ಮಧ್ಯೆ ಎದ್ದು ಹೋಗಿ ನಲ್ಲಿ ತಿರುಗಿಸಿ ಬರುತ್ತಿದ್ದಳು. ಮಲಗುವಾಗ ತಲೆದಿಂಬಿನ ಪಕ್ಕದಲ್ಲಿ ಬೂಟು, ಟಾರ್ಚು. ಅದನ್ನು ನಾವೂ ಇಟ್ಟುಕೊಳ್ಳುತ್ತೇವೆ, ನೆಲ ಯಾವಾಗ ನಡುಗುತ್ತದೋ ಯಾರು ಬಲ್ಲರು. ಆದರೆ ಕೊರಳಿಗೆ ಸೀಟಿ ಕಟ್ಟಿಕೊಂಡು ಮಲಗುವವರನ್ನು ನಾನು ನೋಡಿದ್ದು ಅದೇ ಮೊದಲು.

"ಏನಮ್ಮ, ಕನಸಲ್ಲಿ ರೈಲು ಬಿಡ್ತೀಯಾ?" ಎಂದು ರೇಗಿಸಿದ್ದೆ.

"ಸುಮ್ನೆ ಇರ್ಲಿ ಅಂತ ಅತ್ತಿಗೆ," ಎಂದು ನಕ್ಕಳು. ಸೀಟಿಯನ್ನು ಮಾತ್ರ ತೆಗೆಯಲಿಲ್ಲ.

ನಾನು ಊಟದ ಡಬ್ಬಿಯ ಅಂಗಡಿ ನಡೆಸುವವಳು. ಬೆಳಗಾದರೆ ಒಲೆ, ಎಣ್ಣೆ, ಅನ್ನ. ಹೆದರುವುದಕ್ಕೆ ನನಗೆ ಪುರಸೊತ್ತೇ ಇಲ್ಲ, ಹೆದರುವವರನ್ನು ಕಂಡರೆ ಸಹನೆಯೂ ಇಲ್ಲ. ಹಾಗಾಗಿ ಇತ್ಸುಕೊಳನ್ನು ನಾನು ಬಹಳ ವರ್ಷ ಸಸಾರ ಮಾಡಿದೆ. ಅವಳು ತಿರುಗಿ ಒಂದು ಮಾತು ಆಡಿದವಳಲ್ಲ.

ಅವರು ಟೋಕಿಯೋದಲ್ಲಿ ಬಾಡಿಗೆಗಿದ್ದ ಕಟ್ಟಡವನ್ನು ಕೆಡವುತ್ತಾರೆಂದು ಗೊತ್ತಾದದ್ದು ಒಂದು ಚಳಿಗಾಲದಲ್ಲಿ. ಮಗಳು ನಜುನಾಳಿಗೆ ಆರು ತುಂಬಿತ್ತು, ಏಪ್ರಿಲಿಗೆ ಒಂದನೇ ಕ್ಲಾಸು. ಮಗು ಬೆನ್ನಿಗೆ ಚೀಲ ಹಾಕಿಕೊಂಡು ಮೊದಲ ದಿನ ಎಲ್ಲಿ ನಡೆಯುತ್ತದೋ ಅದೇ ಅದರ ಊರು, ಮಧ್ಯದಲ್ಲಿ ಕಿತ್ತು ಇನ್ನೊಂದು ಕಡೆ ನೆಟ್ಟರೆ ಬೇರು ಹಿಡಿಯುವುದಿಲ್ಲ ಎನ್ನುವುದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ಅದಕ್ಕೇ ಏಪ್ರಿಲಿನೊಳಗೆ ಹೊರವಲಯದಲ್ಲಿ ಎಲ್ಲಾದರೂ ಒಂದು ಪುಟ್ಟ ಸ್ವಂತ ಮನೆ ಹಿಡಿಯಬೇಕು, ಮುದುಕರಾಗುವವರೆಗೂ ಅಲ್ಲೇ ಇರಬೇಕು ಎಂದು ತಮ್ಮ ನೊರಿಹಿಕೊ ತೀರ್ಮಾನಿಸಿದ. ಕಾರು ಇದ್ದದ್ದು ನನ್ನ ಹತ್ತಿರ. ಕಾರು ಅಂದರೆ ಡಬ್ಬಿ ಸಾಗಿಸುವ ಪುಟ್ಟ ವ್ಯಾನು, ಒಳಗೆ ಕೂತರೆ ಬಟ್ಟೆಯೆಲ್ಲ ಕರಿದ ಎಣ್ಣೆಯ ವಾಸನೆ. ಭಾನುವಾರ ಬಂತೆಂದರೆ ನಾಲ್ಕೂ ಜನ ಅದರಲ್ಲಿ ಹೊರಡುತ್ತಿದ್ದೆವು.

ಅಬ್ಬಾ, ಅವಳ ಜೊತೆ ಮನೆ ನೋಡುವುದೆಂದರೆ! ಒಂದು ಕಡೆ ರಸ್ತೆ ಅಗಲ, ಲಾರಿ ಓಡಾಡುತ್ತವೆ, ಬೇಡ. ಇನ್ನೊಂದು ಕಡೆ ರಸ್ತೆ ಕಿರಿದು, ಬೆಂಕಿ ಬಿದ್ದರೆ ಗಾಡಿ ಬರಲಾರದು, ಬೇಡ. ಮತ್ತೊಂದು ಕಡೆ ಶಾಲೆಯ ದಾರಿಯಲ್ಲಿ ಹಳೆಯ ಕಲ್ಲುಗೋಡೆ, ನೆಲ ನಡುಗಿದರೆ ಮಗುವಿನ ಮೇಲೆ ಬೀಳುತ್ತದೆ, ಬೇಡ. ಪ್ರತಿ ಊರಿನ ಪುರಸಭೆಯಿಂದಲೂ ನೆರೆ ನಕ್ಷೆ ತರಿಸಿಕೊಂಡು ನೀಲಿ ಬಣ್ಣ ಎಲ್ಲಿಯವರೆಗೆ ಬಂದಿದೆ ಎಂದು ಬೆರಳಿಟ್ಟು ನೋಡುತ್ತಿದ್ದಳು. ಅಳೆದೂ ಸುರಿದೂ ಚಳಿಗಾಲ ಮುಗಿಯುತ್ತ ಬಂತು.

ಕೊನೆಗೆ ಹನಮಿನೆ ಎನ್ನುವ ಬಡಾವಣೆ ಸಿಕ್ಕಿತು. ಬೆಟ್ಟದ ನೆತ್ತಿ. ನಕ್ಷೆಯಲ್ಲಿ ಒಂದು ಹನಿ ನೀಲಿ ಇಲ್ಲ. ಹೊಸ ಮನೆಗಳು, ಹೊಸ ಶಾಲೆ, ಕನ್ನಡಿಯಂಥ ರಸ್ತೆ. ನೊರಿಹಿಕೊ ಮನೆಯ ಬಾಗಿಲಲ್ಲೇ ಹೂಂ ಅಂದುಬಿಟ್ಟಿದ್ದ. ನಾನೂ ಉಸ್ಸಪ್ಪಾ ಎಂದುಕೊಂಡೆ. ಅಷ್ಟರಲ್ಲಿ ಇತ್ಸುಕೊ ಚೀಲದಿಂದ ಐದು ಟವೆಲ್ ಹೊರಗೆ ತೆಗೆದಳು. ಒಂದೊಂದಕ್ಕೂ ಬಿಳಿ ಕಾಗದ ಸುತ್ತಿತ್ತು.

"ಇದೇನೇ?" ಎಂದೆ.

"ಎದುರಿಗೆ ಮೂರು ಮನೆ, ಪಕ್ಕಕ್ಕೆರಡು," ಎಂದಳು.

ಹೊಸ ಮನೆಗೆ ಬಂದವರು ಎದುರಿನ ಮೂರು ಮನೆಗೂ ಅಕ್ಕಪಕ್ಕದ ಎರಡು ಮನೆಗೂ ಹೋಗಿ, ಕೈಯಲ್ಲೊಂದು ಟವೆಲ್ಲೋ ನೂಡಲ್ಲೋ ಕೊಟ್ಟು, ತಲೆಬಾಗಿ, ನಾವು ಇಂಥವರು ಎಂದು ಹೇಳಿಬರುವುದು ನಮ್ಮ ಪದ್ಧತಿಯೇ. ಆದರೆ ಅದು ಮನೆಗೆ ಬಂದ ಮೇಲೆ!

"ಮದುವೆಗೆ ಮೊದ್ಲೇ ಸೀಮಂತ ಮಾಡ್ಕೊಂಡಂಗಾಯ್ತು ನಿಂದು! ಮನೆ ಇನ್ನೂ ತಗೊಂಡೇ ಇಲ್ಲ ಕಣೆ," ಎಂದೆ.

"ತಗೊಂಡ ಮೇಲೆ ಗೊತ್ತಾಗಿ ಏನುಪಯೋಗ ಅತ್ತಿಗೆ?" ಎಂದು ಮಗಳ ಕೈ ಹಿಡಿದು ಹೊರಟೇಬಿಟ್ಟಳು. ನಾಚಿಕೆಯಿಂದ ನಾನೂ ಹಿಂದೆ ಹೋದೆ.

ಮೊದಲ ಮನೆಯ ಗಂಟೆ ಒತ್ತಿದಳು. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು. ಒಳಗೆ ಯಾರೋ ನಮ್ಮನ್ನು ನೋಡುತ್ತಿದ್ದರು. "ಏನೂ ಬೇಡ," ಎಂದಿತು ಪೆಟ್ಟಿಗೆ. ಎರಡನೆಯದರಲ್ಲಿ ದೀಪ ಹತ್ತಿ ಆರಿತು, ಅಷ್ಟೆ. ಮೂರನೆಯದರಲ್ಲಿ ಒಬ್ಬ ಹೆಂಗಸು ಬಹಳ ವಿನಯದಿಂದ, "ನಾವು ಇಂಥವೆಲ್ಲ ಇಟ್ಕೊಂಡಿಲ್ಲ, ಕ್ಷಮಿಸಿ," ಎಂದಳು. ಮುಖ ತೋರಿಸಲಿಲ್ಲ. ಆಗ ನಜುನಾ ಕಾಲು ಸೇರಿಸಿಕೊಂಡು ಕುಣಿಯತೊಡಗಿದಳು.

"ಅಮ್ಮಾ, ಉಚ್ಚೆ."

ತೋರಿಸಲು ತೆರೆದಿದ್ದ ಮನೆಗೆ ಇನ್ನೂ ನೀರಿನ ಸಂಪರ್ಕ ಕೊಟ್ಟಿರಲಿಲ್ಲ. ಇತ್ಸುಕೊ ಪಕ್ಕದ ಮನೆಯ ಗಂಟೆ ಒತ್ತಿ, "ಮಗೂಗೆ ಅರ್ಜೆಂಟು, ದಯವಿಟ್ಟು," ಎಂದಳು. ಕೆಂಪು ದೀಪ ಹತ್ತಿತು. ಮೇಲಿನ ಕಿಟಕಿಯ ಪರದೆ ಒಂದಿಷ್ಟು ಸರಿಯಿತು. ಬಾಗಿಲು ತೆರೆಯಲಿಲ್ಲ. ಇನ್ನೊಂದು ಪಕ್ಕದ ಮನೆಯೂ ಅದೇ ಕತೆ. ನಜುನಾ ಆ ಕನ್ನಡಿಯಂಥ ರಸ್ತೆಯ ಮೇಲೆ ನಿಂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡು ಜೋರಾಗಿ ಅತ್ತಳು.

ಮನೆ ತೋರಿಸುತ್ತಿದ್ದ ಕುಸಕಾಬೆ ಎನ್ನುವವನು ಓಡಿಬಂದು, "ಅಯ್ಯೋ, ಕೇಳಿದ್ರೆ ನಾನೇ ಕೆಳಗಿನ ಅಂಗಡಿಗೆ ಕರ್ಕೊಂಡು ಹೋಗ್ತಿದ್ನಲ್ಲ ಮೇಡಂ. ಇಲ್ಲಿ ಯಾರೂ ಯಾರ ತಂಟೆಗೂ ಬರಲ್ಲ. ಈ ಜಾಗದ ಹೆಚ್ಚುಗಾರಿಕೆನೇ ಅದು," ಎಂದ. ಅವನ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಇತ್ಸುಕೊಳ ಮುಖ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು.

"ಇಲ್ಲಿ ಬೇಡ," ಎಂದಳು.

ವ್ಯಾನಿನಲ್ಲಿ ನೊರಿಹಿಕೊ ಕೂಗಾಡಿದ. ಅವನು ಸಾಧು. ಆದರೆ ಸಾಧುವಿಗೆ ಸಿಟ್ಟು ಬಂದರೆ ಕೇಳಬೇಕೆ? "ನೀರು ಅಂದ್ರೆ ಹೆದರ್ತೀಯ ಅಂತ ಬೆಟ್ಟದ ತುದಿಗೆ ಕರ್ಕೊಂಡು ಬಂದೆ. ಇದೂ ಬೇಡ ಅಂದ್ರೆ ಇನ್ನೇನು ಆಕಾಶದಲ್ಲಿ ಕಟ್ಟಿಸ್ಲಾ? ಏಪ್ರಿಲ್‌ಗೆ ಮಗೂನ ಎಲ್ಲಿಗೆ ಸೇರಿಸ್ಲಿ? ಅಕ್ಕಾ, ನೀನಾದ್ರೂ ಹೇಳೇ!" ಹಿಂದಿನ ಸೀಟಿನಲ್ಲಿ ಇತ್ಸುಕೊ ಮಗಳ ಒದ್ದೆ ಕಾಲನ್ನು ತನ್ನ ಕೋಟಿನಲ್ಲಿ ಸುತ್ತಿ ಹಿಡಿದಿದ್ದಳು.

ಚಳಿ ಕೊರೆಯುತ್ತಿತ್ತು. ಮಗುವಿಗೆ ಜ್ವರ ಬಂದೀತೆಂದು ನಾನು ಬೆಟ್ಟ ಇಳಿದ ಮೇಲೆ ಸಿಕ್ಕಿದ ಮೊದಲ ಊರಿನಲ್ಲೇ ವ್ಯಾನು ನಿಲ್ಲಿಸಿದೆ. ಅದು ಕವಾಜಿರಿ. ಹೊಳೆಯ ಏರಿಯ ಬುಡದಲ್ಲಿ ತಗ್ಗಿಗೆ ಕೂತ ಹಳೆಯ ಬೀದಿ, ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಮನೆ ಮುಂದೆ ಮೂಲಂಗಿ ಒಣಹಾಕುತ್ತಿದ್ದ ಒಬ್ಬ ಮುದುಕಿಯನ್ನು ಶೌಚಾಲಯ ಎಲ್ಲಿ ಎಂದು ಕೇಳಿದೆ. ಅವಳು ನನ್ನನ್ನು ಬಿಟ್ಟು ಮಗುವನ್ನು ನೋಡಿದಳು.

"ಅಯ್ಯೋ ಕೂಸೇ, ಕೆಲ್ಸ ಆಗೋಗಿದೆಯಲ್ಲೇ! ಬಾ ಬಾ ಒಳಗೆ. ಚಪ್ಪಲಿ ಹೆಂಗಾದ್ರೂ ಬಿಡು. ಏ ನಿಂತ್ಕೊಂಡು ಏನು ನೋಡ್ತೀರಿ, ನೀವೂ ಬನ್ನಿ, ಬಾಗಿಲು ಹಾಕಿ, ಬಿಸಿ ಹೊರಗೆ ಹೋಗತ್ತೆ."

ಆ ಅಜ್ಜಿಯ ಹೆಸರು ಕಿನುಯೊ. ನಜುನಾಳನ್ನು ಬಿಸಿನೀರಲ್ಲಿ ತೊಳೆದು, ಮೊಮ್ಮಗ ಎಂದೋ ಬಿಟ್ಟ ಪ್ಯಾಂಟು ತೊಡಿಸಿ, ಮಗುವಿನ ಚಡ್ಡಿಯನ್ನು ಆಗಲೇ ಒಗೆದು ಒಲೆಯ ಹತ್ತಿರ ಹರಡಿದಳು. ಚಹಾ ಬಂತು, ಒಣ ಹಣ್ಣು ಬಂತು. ಜೊತೆಗೆ ಪ್ರಶ್ನೆಗಳ ಸುರಿಮಳೆ. ಯಾವೂರು, ಎಷ್ಟು ಜನ, ಮಗು ಹೆಸರೇನು, ಒಂದೇನಾ, ಗಂಡ ಏನು ಕೆಲಸ, ಕುಡೀತಾನಾ? ನನಗೋ ಮೈಯೆಲ್ಲ ಉರಿಯಿತು. ಇತ್ಸುಕೊ ಮಾತ್ರ ಒಂದೊಂದಕ್ಕೂ ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ಕೂತು ಉತ್ತರ ಕೊಟ್ಟಳು.

"ಪಕ್ಕದ್ಮನೆ ಮಾರಾಟಕ್ಕಿದೆ," ಎಂದಳು ಕಿನುಯೊ ಅಜ್ಜಿ. "ಆದ್ರೆ ಸುಳ್ಳು ಹೇಳಲ್ಲಮ್ಮ, ಇದು ನೀರು ಬರೋ ಜಾಗ. ಹೊರಗೆ ಕಂಬದ ಮೇಲೆ ಗೆರೆ ಇದೆ, ನೋಡ್ಕೊಂಡೇ ಯೋಚ್ನೆ ಮಾಡಿ."

ಹೊರಗೆ ಬಂದು ನೋಡಿದೆವು. ಹಿಂದೊಮ್ಮೆ ಏರಿ ಒಡೆದಾಗ ನೀರು ನಿಂತ ಎತ್ತರಕ್ಕೆ ಕಂಬದ ಮೇಲೆ ಕೆಂಪು ಗೆರೆ ಎಳೆದಿತ್ತು. ನಾನು ಕೈಯೆತ್ತಿದರೂ ಎಟಕುತ್ತಿರಲಿಲ್ಲ. ಇತ್ಸುಕೊ ಕಂಬ ಹಿಡಿದುಕೊಂಡು ನಿಂತಳು, ಕುತ್ತಿಗೆಯಲ್ಲಿ ನರ ಹೊಡೆದುಕೊಳ್ಳುತ್ತಿದ್ದುದು ಕಾಣಿಸುತ್ತಿತ್ತು. ಆಮೇಲೆ ಒಳಗೆ ಹೋಗಿ ಅಜ್ಜಿಗೆ ಒಂದು ಟವೆಲ್ ಕೊಟ್ಟು ತಲೆಬಾಗಿ ಬಂದಳು.

ವ್ಯಾನು ಹೊರಟ ಮೇಲೆ ತಾನಾಗಿಯೇ ಬಾಯಿಬಿಟ್ಟಳು. ಗಂಡನಿಗೂ ಅದು ಹೊಸ ಕತೆ.

ಇತ್ಸುಕೊಳಿಗೆ ಏಳು ವರ್ಷವಿದ್ದಾಗ ಅವಳ ಅಪ್ಪ ತೀರಿಕೊಂಡಿದ್ದ. ಅಮ್ಮ ಅವಳನ್ನೂ ಅಜ್ಜಿಯನ್ನೂ ಕರೆದುಕೊಂಡು ಬೇರೊಂದು ಊರಿನ ಹೊಳೆದಂಡೆಯ ಬಾಡಿಗೆ ಮನೆಗೆ ಬಂದಿದ್ದಳು. ಟವೆಲ್ಲುಗಳು ಕಾಗದ ಸುತ್ತಿ ಬಾಗಿಲ ಹತ್ತಿರ ತಯಾರಿದ್ದವು. ಆದರೆ ಕ್ಯಾಲೆಂಡರಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಶುಭ ದಿನ ಎಂದಿತ್ತು. ಅಮ್ಮ ಶುಭ ದಿನ ಬರಲೆಂದು ಕಾದಳು. ಶುಭ ದಿನಕ್ಕೆ ಮೊದಲು ಬಿರುಗಾಳಿ ಬಂತು. ಬೀದಿಯವರೆಲ್ಲ ಒಬ್ಬರನ್ನೊಬ್ಬರು ಕೂಗಿ ಕರೆದುಕೊಂಡು ಶಾಲೆಗೆ ಹೋದರು. ಇವರನ್ನು ಯಾರೂ ಕೂಗಲಿಲ್ಲ. ಇವರು ಇದ್ದಾರೆಂದೇ ಯಾರಿಗೂ ಗೊತ್ತಿರಲಿಲ್ಲ. ಬೆಳಗ್ಗೆ ಏಳುವಷ್ಟರಲ್ಲಿ ನೀರು ಮೆಟ್ಟಿಲು ಹತ್ತುತ್ತಿತ್ತು. ಮೂವರೂ ಮೇಲಿನ ಕೋಣೆಯಲ್ಲಿ ಹಾಸಿಗೆ ಇಡುವ ಗೋಡೆಗೂಡಿನ ಮೇಲಂತಸ್ತಿಗೆ ಹತ್ತಿ ಕೂತರು.

"ದೋಣಿ ಬಂತು ಅತ್ತಿಗೆ," ಎಂದಳು ಇತ್ಸುಕೊ. "ನಮ್ಮ ಕಿಟಕಿ ಕೆಳಗೇ ಬಂತು. ಅಮ್ಮ ಕೂಗಿದ್ಲು, ನಾನೂ ಕೂಗಿದೆ. ಗೂಡಿನೊಳಗಿಂದ ಕೂಗಿದ್ದು ನೀರಿನ ಸದ್ದಲ್ಲಿ ಅವರಿಗೆ ಕೇಳಿಸ್ಲಿಲ್ಲ. ಅವರು ಗಟ್ಟಿಯಾಗಿ ಆಡಿದ ಮಾತು ಮಾತ್ರ ನಮಗೆ ಕೇಳಿಸ್ತು. ಅದು ಖಾಲಿ ಮನೆ, ಮುಂದೆ ನಡಿ ಅಂದ ಒಬ್ಬ. ದೋಣಿ ಹೋಯ್ತು."

ಮಾರನೆಯ ದಿನ ಯಾರೋ ಕಂಡರು. ಅಜ್ಜಿಗೆ ಅಷ್ಟರಲ್ಲಿ ಚಳಿ ಹಿಡಿದು ಮಾತು ನಿಂತಿತ್ತು. ಆ ಚಳಿಗಾಲ ದಾಟಲಿಲ್ಲ.

ಸೀಟಿಯ ಬಗ್ಗೆ ನಾನು ಆಡಿದ ಮಾತು ನೆನಪಾಗಿ ನಾನು ಕನ್ನಡಿಯಲ್ಲಿ ಅವಳನ್ನು ನೋಡದೆ ರಸ್ತೆಯನ್ನೇ ನೋಡುತ್ತ ವ್ಯಾನು ಓಡಿಸಿದೆ.

"ನೀರು ಅಂದ್ರೆ ಭಯ ಇಲ್ಲ ಅಂತಲ್ಲ," ಎಂದಳು ಅವಳು. "ಇವತ್ತೂ ಆ ಗೆರೆ ನೋಡಿ ಕಂಬ ಹಿಡ್ಕೊಳ್ಳೋ ಹಾಗಾಯ್ತು. ಆದ್ರೆ ನೀರು ಬರೋ ಮುಂಚೆ ಶಾಲೆಗೆ ಓಡಬಹುದು. ಅಲ್ಲಿ ಶಾಲೆ ಎತ್ತರದಲ್ಲಿದೆ, ನೋಡ್ಕೊಂಡು ಬಂದೆ. ನಾವು ಬದುಕಿದೀವಿ ಅಂತಾನೇ ಯಾರಿಗೂ ಗೊತ್ತಿಲ್ದೆ ಇದ್ರೆ ಎಲ್ಲಿಗೆ ಓಡೋದು?"

ಇತ್ತ ದರಿ ಅತ್ತ ಪುಲಿ ಅನ್ನುತ್ತಾರಲ್ಲ, ಹಾಗೆ ನೊರಿಹಿಕೊ ವಾರವಿಡೀ ಒದ್ದಾಡಿದ. ಕೊನೆಗೆ ಕವಾಜಿರಿಯೇ ಆಯಿತು. ನನಗೆ ಒಳಗೊಳಗೇ ಸಮ್ಮತವಿರಲಿಲ್ಲ. ಬೆಟ್ಟ ಬಿಟ್ಟು ಹೊಳೆಯ ಬಾಯಿಗೆ ಮಗುವನ್ನು ತಂದಿಡುವುದು ಯಾವ ಸೀಮೆ ಬುದ್ಧಿ ಎಂದುಕೊಂಡೆ, ಆದರೆ ಆಡಲಿಲ್ಲ.

ಸಾಮಾನು ಬಂದ ದಿನ ಒಂದು ಪೆಟ್ಟಿಗೆಯನ್ನೂ ಬಿಚ್ಚದೆ ಅವಳು ಟವೆಲ್ ಹಿಡಿದು ಹೊರಟಳು.

"ಇವತ್ತು ಅಶುಭ ಕಣೆ, ನಾಡಿದ್ದು ಹೋಗು," ಎಂದು ಅಭ್ಯಾಸಬಲದಿಂದ ಅಂದುಬಿಟ್ಟು ನಾಲಗೆ ಕಚ್ಚಿಕೊಂಡೆ. ಅವಳು ಆಗಲೇ ಚಪ್ಪಲಿ ಮೆಟ್ಟಿಯಾಗಿತ್ತು. ನಾನೂ ಜೊತೆಗೆ ಹೋದೆ. ಐದೂ ಬಾಗಿಲು ತೆರೆದವು, ಐದು ಕಡೆಯೂ ಅದೇ ತಲೆಹರಟೆ ಪ್ರಶ್ನೆಗಳು.

ಏಪ್ರಿಲಿನಲ್ಲಿ ನಜುನಾ ದೊಡ್ಡ ಮಕ್ಕಳ ಸಾಲಿನ ಕೊನೆಗೆ ಸೇರಿ ಶಾಲೆಗೆ ನಡೆದಳು. ಇತ್ಸುಕೊಳ ಭಯ ಹೋಯಿತೆಂದು ನೀವು ಅಂದುಕೊಂಡರೆ ತಪ್ಪು. ಮಳೆ ಹನಿದರೆ ಏರಿ ಹತ್ತಿ ಹೊಳೆ ನೋಡಿ ಬರುತ್ತಿದ್ದಳು. ಸಂಜೆ ಕಸ ಇಡುವ ನೆಪದಲ್ಲಿ ಬೀದಿ ಪೂರ್ತಿ ನಡೆದು ಯಾವ ಮನೆಯಲ್ಲಿ ದೀಪ ಹತ್ತಿದೆ, ಯಾವುದರಲ್ಲಿ ಇಲ್ಲ ಎಂದು ನೋಡುತ್ತಿದ್ದಳು. ಬೀದಿಯವರು ಅವಳಿಗೆ ಕಾವಲುನಾಯಿ ಎಂದು ಅಡ್ಡಹೆಸರಿಟ್ಟರು. ಪ್ರೀತಿಯಿಂದಲೇ ಇಟ್ಟದ್ದು, ಆದರೂ ನನಗೆ ಕೇಳಲು ಚೆನ್ನಾಗಿರಲಿಲ್ಲ.

ಶರತ್ಕಾಲದ ಬಿರುಗಾಳಿ ಬಂದ ದಿನ ನಾನು ಅವರ ಮನೆಯಲ್ಲೇ ಇದ್ದೆ. ನೊರಿಹಿಕೊ ಕೆಲಸಕ್ಕೆ ಹೋದವನು ರೈಲು ನಿಂತು ನಗರದಲ್ಲೇ ಸಿಕ್ಕಿಬಿದ್ದಿದ್ದ. ಬೆಳಗಿನಿಂದ ಆಕಾಶಕ್ಕೆ ತೂತು ಬಿದ್ದಂಥ ಮಳೆ. ಮಧ್ಯಾಹ್ನದ ಹೊತ್ತಿಗೆ ಕಂಬದ ಮೇಲಿನ ಧ್ವನಿವರ್ಧಕ ಏನೋ ಕೂಗತೊಡಗಿತು, ಮಳೆಯ ಸದ್ದಿಗೆ ಒಂದು ಪದವೂ ಅರ್ಥವಾಗಲಿಲ್ಲ. ಇತ್ಸುಕೊ ಮಗುವನ್ನು ಎದೆಗೆ ಒತ್ತಿಕೊಂಡು ನಡುಮನೆಯಲ್ಲಿ ನಿಂತಿದ್ದಳು. ಹೆದರುವುದಕ್ಕೆ ಪುರಸೊತ್ತಿಲ್ಲ ಎನ್ನುತ್ತಿದ್ದ ನಾನೂ ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿದ್ದೆ.

ಆಗ ಬಾಗಿಲು ದಬದಬ ಬಡಿದ ಸದ್ದು.

"ಇತ್ಸುಕೊ! ನಜುನಾ! ಆ ಜೋರುಬಾಯಿ ಅತ್ತಿಗೆನೂ ಇದಾಳಾ? ಮೂರೂ ಜನ ಹೊರಡಿ, ಶಾಲೆಗೆ!"

ಕಿನುಯೊ ಅಜ್ಜಿ. ಇತ್ಸುಕೊ ಬಾಗಿಲು ತೆರೆದು ಅತ್ತುಬಿಟ್ಟಳು. "ಅಳೋದು ಆಮೇಲೆ, ಬೂಟು ಹಾಕು," ಎಂದು ಅಜ್ಜಿ ಗದರಿದಳು.

ಶಾಲೆಯ ವ್ಯಾಯಾಮದ ಹಾಲಿನಲ್ಲಿ ಬೀದಿಗೊಂದು ಗುಂಪು ಕೂತಿತ್ತು. ನಮ್ಮ ಬೀದಿ ಸಂಘದ ಯಜಮಾನ ಉಜಿಹರಾ ತಲೆ ಎಣಿಸಿ, "ಸದ್ಯ, ನಮ್ಮೋರೆಲ್ಲ ಬಂದ್ರು," ಎಂದ. ಏರಿಯ ಒಂದು ಕಡೆ ನೀರು ಸೋರುತ್ತಿದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಬಂತು.

"ಮೂಲೆ ಮನೆಯವರು?" ಎಂದಳು ಇತ್ಸುಕೊ.

"ಯಾವ ಮೂಲೆ ಮನೆನಮ್ಮ? ಅದು ಖಾಲಿ ಮನೆ. ಬೇಸಿಗೆಯಿಂದ ಬೀಗ ಹಾಕಿದೆ," ಎಂದ ಉಜಿಹರಾ.

ನಾನು ಅವಳ ಮುಖ ನೋಡಿದೆ. ರಕ್ತವೇ ಇರಲಿಲ್ಲ.

"ಖಾಲಿ ಅಲ್ಲ. ನಿನ್ನೆ ಸಂಜೆ ಮೇಲಿನ ಕಿಟಕಿಗೆ ಪರದೆ ಹಾಕಿದ್ರು."

"ಮಾರೋರೂ ಪರದೆ ಹಾಕ್ತಾರಮ್ಮ. ಯಾರಾದ್ರೂ ಬಂದಿದ್ರೆ ಟವೆಲ್ ಹಿಡ್ಕೊಂಡು ಬರ್ತಿರ್ಲಿಲ್ವಾ? ಅಗ್ನಿಶಾಮಕದವರು ಬರ್ಲಿ, ಹೇಳೋಣ."

"ಖಾಲಿ ಅಲ್ಲಾ!"

ಅವಳ ಗಂಟಲಿನಲ್ಲಿ ಅಂಥ ಕೂಗು ಇದೆಯೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಜುನಾ ಹೆದರಿ ಅವಳ ಕೋಟು ಹಿಡಿದುಕೊಂಡು, "ಅಮ್ಮ ಹೋಗ್ಬೇಡ, ಹೋಗ್ಬೇಡ," ಎಂದಳು. ಇತ್ಸುಕೊ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಅಜ್ಜಿ, ಇವಳ ಹೆಸರು ನಜುನಾ..." ಎಂದು ತೊದಲಿದಳು.

"ಗೊತ್ತು ಕಣೆ, ಇವಳ ಚಡ್ಡಿ ಒಗೆದೋಳು ನಾನು. ಓಡು," ಎಂದಳು ಕಿನುಯೊ ಅಜ್ಜಿ, ಮಗುವನ್ನು ಮಡಿಲಿಗೆ ಎಳೆದುಕೊಂಡು.

ನಾನು ಹಿಂದೆ ಓಡಿದೆ. ಉಜಿಹರಾನೂ ಹಗ್ಗ ಹಿಡಿದು ಬಂದ. ಬೀದಿಯಲ್ಲಿ ಮೊಣಕಾಲುದ್ದ ಕಂದು ನೀರು, ಕಾಲಡಿ ಏನಿದೆಯೋ ಕಾಣದು. ಈಗ ಏರಿ ಒಡೆದರೆ ಮೂವರೂ ಮುಗಿದೆವು ಎಂದು ಹೆಜ್ಜೆಹೆಜ್ಜೆಗೂ ಅನ್ನಿಸುತ್ತಿತ್ತು. ಕಂಬದ ಕೆಂಪು ಗೆರೆಯ ಕಡೆ ನೋಡಬಾರದೆಂದುಕೊಂಡರೂ ನೋಡಿದೆ. ಇತ್ಸುಕೊ ಅಳುತ್ತಲೇ ನಡೆಯುತ್ತಿದ್ದಳು, ಬಾಯಿಬಿಟ್ಟು, ಮಗುವಿನ ಹಾಗೆ. ಆದರೆ ನಿಲ್ಲಲಿಲ್ಲ.

ಮೂಲೆ ಮನೆಯ ಗಂಟೆ ಕೆಲಸ ಮಾಡಲಿಲ್ಲ, ಕರೆಂಟು ಹೋಗಿತ್ತು. ಕೂಗಿದರೆ ಮಳೆ ನುಂಗಿತು. ಇತ್ಸುಕೊ ಕೊರಳಿನ ಸೀಟಿ ಹೊರಗೆಳೆದು ಊದಿದಳು. ಉಸಿರು ಕಟ್ಟುವವರೆಗೆ ಊದಿದಳು, ಮತ್ತೆ ಊದಿದಳು.

ಮೇಲಿನ ಪರದೆ ಸರಿಯಿತು. ಕಿಟಕಿ ತೆರೆಯಿತು. ಚಿಕ್ಕ ವಯಸ್ಸಿನ ಹೆಂಗಸು, ಎದೆಯ ಮೇಲೆ ಹಸುಗೂಸು.

"ಇಳಿದು ಬಾರಮ್ಮಾ!" ಎಂದು ನಾವು ಮೂವರೂ ಕೈಬೀಸಿ ಕಿರುಚಿದೆವು.

ಬಾಗಿಲು ತೆರೆದಾಗ ಒಳಗೂ ನೀರು ಪಾದ ಮುಳುಗುವಷ್ಟಿತ್ತು. ಆ ಹೆಂಗಸು ಕೂಸನ್ನು ಅವುಚಿಕೊಂಡು ನಿಂತಿದ್ದಳು. "ಇವರು ಊರಲ್ಲಿಲ್ಲ... ಸ್ಪೀಕರ್‌ನಲ್ಲಿ ಏನೋ ಕೂಗ್ತಿದ್ರು, ನಮ್ಮನ್ನೂ ಸೇರಿಸಿ ಅಂತ ಗೊತ್ತಾಗ್ಲಿಲ್ಲ," ಎಂದಳು. ಮಗುವಿಗೆ ನನ್ನ ಮಳೆಕೋಟು ಸುತ್ತುತ್ತಿದ್ದಾಗ ಅವಳಿಗೆ ಏನೋ ನೆನಪಾಯಿತು. ಬಾಗಿಲ ಪಕ್ಕದ ಗೂಡಿನ ಮೇಲೆ ಕಾಗದ ಸುತ್ತಿದ ಐದು ಟವೆಲ್ ಒಂದರ ಮೇಲೊಂದು ಕೂತಿದ್ದವು. ಅವಳು ಅವುಗಳ ಕಡೆ ನೋಡಿ, ಆ ನೀರಿನಲ್ಲಿ ನಿಂತು, ನಮಗೆ ತಲೆಬಾಗಿದಳು.

"ದಯವಿಟ್ಟು ಕ್ಷಮಿಸಿ. ನಿಮ್ಮ ಮನೆಗಳಿಗೆ ಇನ್ನೂ ಬರೋಕಾಗಿಲ್ಲ. ನಾಳೆ ದಿನ ಚೆನ್ನಾಗಿದೆ ಅಂತ ನಮ್ಮತ್ತೆ ಹೇಳಿದ್ರು..."

ಉಜಿಹರಾ ಮುಖ ಬೇರೆ ಕಡೆ ತಿರುಗಿಸಿದ. ಇತ್ಸುಕೊ ಎರಡೂ ಕೈ ಚಾಚಿದಳು.

"ಈಗ್ಲೇ ಕೊಡಿ," ಎಂದಳು.

ಅವಳು ಒಂದನ್ನು ತೆಗೆದು ಕೊಟ್ಟಳು. ಇತ್ಸುಕೊ ಎರಡೂ ಕೈಯಲ್ಲಿ ತೆಗೆದುಕೊಂಡು, ನೀರಿಗೆ ಮೂಗು ತಾಗುವ ಹಾಗೆ ಬಾಗಿ, ಕಾಗದ ನೆನೆಯದಂತೆ ಟವೆಲನ್ನು ಕೋಟಿನೊಳಗೆ ಎದೆಗೆ ಇಟ್ಟುಕೊಂಡಳು. ಆಮೇಲೆ ಆ ಹೆಂಗಸಿನ ತೋಳು ಹಿಡಿದು ನಡೆಸುತ್ತ, ಮಳೆಗಿಂತ ಜೋರಾಗಿ ಕೇಳತೊಡಗಿದಳು. ನಿಮ್ಮ ಹೆಸರೇನು, ಎಷ್ಟು ಜನ, ಮಗು ಹೆಸರೇನು, ಇದೊಂದೇನಾ?

ಏರಿ ಆ ದಿನ ಒಡೆಯಲಿಲ್ಲ. ಆದರೆ ಅದು ನಮಗೆ ಗೊತ್ತಾದದ್ದು ಮಾರನೆಯ ಬೆಳಗ್ಗೆ. ಶಾಲೆಯ ಬಾಗಿಲು ಮುಟ್ಟುವವರೆಗೂ ನಾನು ಇತ್ಸುಕೊಳ ಕೋಟಿನ ಅಂಚನ್ನು ನಜುನಾಳ ಹಾಗೆಯೇ ಬಿಗಿಯಾಗಿ ಹಿಡಿದುಕೊಂಡಿದ್ದೆ.